ಬೂದಿ ಓಡುವ ವೇಗ

ಆರಿಸಿದ ಬಾಯ್ಲರಿನ ಬೂದಿ ತೆಗೆಯುವ ಬಾಗಿಲೊಳಗೆ ಅರ್ಧ ಮೈ ತೂರಿಸಿಕೊಂಡು, ನಾಗವೇಣಿ ಮೂರನೆಯ ಸಾಲಿನ ಕೊಳವೆಗೆ ಗ್ರೀಸು ಸವರಿ, ದಪ್ಪ ಅಳೆಯುವ ಮೀಟರಿನ ತುದಿ ಒತ್ತಿದಳು. ಅಂಕಿ ನೋಡಿದಳು. ಒರೆಸಿ ಮತ್ತೆ ಒತ್ತಿದಳು. ಹೋದ ಸುಗ್ಗಿಗೆ ಹಾಕಿಸಿದ ಕ್ರೋಮ್ ಬೆರೆತ ಕೊಳವೆಗಳು ಬಾಗಿನಲ್ಲಿ ಅರ್ಧಕ್ಕರ್ಧ ಸವೆದಿದ್ದವು. ತುಕ್ಕಿಲ್ಲ, ಬಿರುಕಿಲ್ಲ, ಸಾಣೆ ಹಿಡಿದ ಕುಡುಗೋಲಿನಂತೆ ನುಣುಪು: ಜೋರಾಗಿ ಹಾಯುವ ಬೂದಿ ಉಜ್ಜಿದ ಗುರುತು.

ಸಿಂಧನೂರಿನ ಈ ಅಕ್ಕಿ ಗಿರಣಿಗೆ ಮಸ್ಕಿಯಿಂದ ಸೊಸೆಯಾಗಿ ಬಂದಾಗ ಅವಳ ಎಂಜಿನಿಯರಿಂಗ್ ಪದವಿ ಟ್ರಂಕಿನ ತಳದಲ್ಲಿತ್ತು. ಮಾವ ಒಮ್ಮೆ ಕೆಟ್ಟ ಪಂಪು ತೋರಿಸಿದರು. ಅಂದಿನಿಂದ ಬಾಯ್ಲರು ಅವಳದು.

ಹೊರಬಂದು, ಭತ್ತದ ಹೊಟ್ಟು ಹಾಕಿ ಬೆಂಕಿ ನೋಡಿಕೊಳ್ಳುವ ಮುದುಕಪ್ಪನನ್ನು ಕೇಳಿದಳು: "ಬೂದಿ ಎಳಿಯೋ ಫ್ಯಾನು ಯಾರು ಜೋರು ಮಾಡ್ಯಾರ?"

"ನನಗೇನು ಗೊತ್ತ್ರೀ ಯವ್ವಾ."

"ಕೊಳವಿ ಒಡೆದ್ರ ಕುದಿಯೋ ನೀರು ಮದಲ ನಿನ್ನ ಮಾರಿಗೇ ಬರ್ತೈತಿ."

ಮುದುಕಪ್ಪ ಹೆಗಲ ಮೇಲಿನ ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡ. "ಆವಿ ಲಗೂ ಏರ್ಲಿ ಅಂತ ಸಣ್ಣ ಧಣ್ಯಾರು ಮಾಡ್ಸ್ಯಾರ್ರೀ. ನಿಮಗ ಹೇಳಬ್ಯಾಡ ಅಂದಿದ್ರು."

ಸಣ್ಣ ಧಣಿ ಎಂದರೆ ಮೈದುನ ಪಂಪಾಪತಿ. ಅಷ್ಟರಲ್ಲಿ ಅವನೇ ಬಂದ.

"ಇನ್ನ ಎಷ್ಟೊತ್ತ್ರೀ ಅತ್ತಿಗಿ? ಬಳಗಾನೂರಿನ ಭತ್ತದ ಲಾರಿ ಬಂದು ನಿಂತಾವು."

"ಈ ಸಾಲು ಬದಲಾಗೋತನಕ ಬೆಂಕಿ ಹಚ್ಚಂಗಿಲ್ಲ."

"ಕ್ರೋಮಿನ ಪೈಪ್ರೀ ಅವು! ಹತ್ತು ವರ್ಷ ಬರ್ತಾವಂತ ಅಂಗಡ್ಯಾವ ಆಣಿ ಮಾಡ್ಯಾನ."

"ಅವ ನಡಿಯೋ ಬೂದಿಗೆ ಹೇಳ್ಯಾನ. ನೀ ಬೂದಿನ್ನ ಓಡಸಾಕತ್ತೀದಿ."

ಪಂಪಾಪತಿ ಮುದುಕಪ್ಪನನ್ನು ದುರುಗುಟ್ಟಿ ನೋಡಿ, ಆಮೇಲೆ ನಕ್ಕ. "ಊದಿದ್ರ ಹಾರೋ ಬೂದಿಗೆ ಹಲ್ಲು ಇರ್ತಾವೇನ್ರೀ? ನಮ್ಮವ್ವ ಜಲ್ಮೆಲ್ಲ ಹೊಟ್ಟಿನ ಬೂದಿಲೇ ಹಲ್ಲು ತಿಕ್ಕ್ಯಾಳ."

"ಅದಕ್ಕ ಅತ್ತ್ಯಾರ ಬಾಯಾಗ ಈಗ ಒಂದೂ ಹಲ್ಲಿಲ್ಲ."

ಮುದುಕಪ್ಪ ವಲ್ಲಿಯೊಳಗೆ ಕೆಮ್ಮಿದ. ಪಂಪಾಪತಿಗೂ ನಗು ತಡೆಯಲಾಗಲಿಲ್ಲ. ನಕ್ಕವನು ಅರ್ಧ ಸೋತಂತೆ. ಲಿಂಗಸುಗೂರಿನ ವೆಲ್ಡರ್ ಚನ್ನವೀರನಿಗೆ ತಾನೇ ಫೋನು ಹಚ್ಚಿದ. ಆದರೆ ಹೋಗುವಾಗ ಬೆರಳು ತೋರಿಸಿ ಹೇಳಿದ: "ಕೊಳವಿ ನಿಮ್ಮ ಮಾತು, ಫ್ಯಾನು ನನ್ನ ಮಾತು. ಸುಗ್ಗಿ ಮುಗಿಯೋತನಕ ಯಾರೂ ಮುಟ್ಟಂಗಿಲ್ಲ."

ಚನ್ನವೀರ ಕೊಳವೆ ಕತ್ತರಿಸುತ್ತಿರುವಾಗ ಅವಳು ಹಳೆಯ ತುಂಡೊಂದನ್ನು ಕೈಯಲ್ಲಿ ಹಿಡಿದು ಕೂತಳು. ಕಾದ ಲೋಹ ತನ್ನ ರಕ್ಷಣೆಗೆ ತಾನೇ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಬೂದಿ ಅದನ್ನು ಕೆರೆದೊಯ್ಯುತ್ತದೆ. ಲೋಹ ಮತ್ತೆ ಕಟ್ಟಿಕೊಳ್ಳುತ್ತದೆ, ಪ್ರತಿ ಸಲವೂ ತನ್ನ ಮೈಯಿಂದಲೇ ತೆಗೆದು. ನಿಧಾನಕ್ಕೆ ಹೋಗುವ ಬೂದಿಯ ಜೊತೆ ಅದು ವರ್ಷಗಟ್ಟಲೆ ಬಾಳುತ್ತದೆ. ವೇಗ ಒಂದಕ್ಕೆ ಎರಡಾದರೆ ಸವೆತ ಎರಡಾಗಿ ನಿಲ್ಲುವುದಿಲ್ಲ, ನಾಲ್ಕೈದು ಪಟ್ಟು ಏರುತ್ತದೆ. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು; ಮನೆಮಂದಿಯ ನಡುವೆಯೂ ಅಷ್ಟಿಷ್ಟು ಕಂಡಿದ್ದಳು.

ಹೊಸ ಸಾಲು ಕೂತಿತು. ನೀರಿನ ಒತ್ತಡ ಕೊಟ್ಟು ನೋಡಿದಳು, ಎಲ್ಲೂ ಜಿನುಗಲಿಲ್ಲ. ಮುದುಕಪ್ಪ ಬೆಂಕಿ ಹಚ್ಚಿದ. ಫ್ಯಾನು ಅದೇ ಆರ್ಭಟದಲ್ಲಿ ತಿರುಗತೊಡಗಿತು. ಹೀಗೇ ಬಿಟ್ಟರೆ ಈ ಕೊಳವೆಗಳೂ ಮುಂದಿನ ಸುಗ್ಗಿ ಕಾಣುವುದಿಲ್ಲ; ಅಳತೆಗೆ ಸಿಗುವ ಮೊದಲೇ ಒಂದು ಬಾಯಿಬಿಟ್ಟರೆ, ಎದುರಿಗೆ ನಿಂತಿರುವವನು ಮುದುಕಪ್ಪ.

ಮತ್ತೊಮ್ಮೆ ಕೇಳಬಹುದಿತ್ತು. ಕೇಳಿದರೆ ಪಂಪಾಪತಿ ಫ್ಯಾನಿನ ಕೋಣೆಗೇ ಬೀಗ ಹಾಕಿಸಿಯಾನು. ಗಂಡನಿಗೆ ಹೇಳಿದರೆ ಊಟಕ್ಕೆ ಕೂತಲ್ಲಿ ಅಣ್ಣತಮ್ಮಂದಿರ ವಾದ ಎದ್ದು, ರೊಟ್ಟಿ ಆರಿ, ಫ್ಯಾನು ಇದ್ದಲ್ಲೇ ಇರುತ್ತದೆ.

ಅವಳು ಫ್ಯಾನಿನ ನಿಯಂತ್ರಣ ಫಲಕದ ಮುಂದೆ ನಿಂತು ವೇಗದ ತಿರುಪಿನ ಮೇಲೆ ಹೆಬ್ಬೆರಳಿಟ್ಟಳು. ದಿನಕ್ಕೊಂದು ಎಳೆಯಷ್ಟು, ಕಿವಿಗೆ ಗೊತ್ತಾಗದಷ್ಟು, ಹಳೆಯ ವೇಗಕ್ಕೆ ಇಳಿಯುವತನಕ. ಆವಿ ಏರುವುದು ತುಸು ತಡವಾದರೆ ಹೊಟ್ಟು ಹಸಿಯಿದೆ ಎಂದು ಪಂಪಾಪತಿ ಅಂದುಕೊಳ್ಳಲಿ.

"ಏನು ವಿಚಾರ್ರೀ ಯವ್ವಾ?" ಮುದುಕಪ್ಪ ಕೂಗಿದ.

"ಏನಿಲ್ಲೋ ಅಣ್ಣಾ," ಎಂದಳು ನಾಗವೇಣಿ. ಹೆಬ್ಬೆರಳು ಆಗಲೇ ತಿರುಗಿಸುತ್ತಿತ್ತು.