ನೊಗ ಕಟ್ಟಿ ನೋಡದೆ ತಂದ ಟ್ಯಾಬ್

ಈಗ ನಮ್ಮ ಕಡೆ ಯಾವ ಹಳ್ಳಿಗೇ ಹೋಗಿ, ಓದುವ ಮಕ್ಕಳಿರುವ ಮನೆಯಲ್ಲಿ ಒಂದೇ ಪೀಕಲಾಟ. ಮಗು ಟ್ಯಾಬ್ ಕೇಳುತ್ತದೆ. ಕೊಡಿಸದಿದ್ದರೆ ಪಾಠ ತಪ್ಪುತ್ತದೆ. ಕೊಡಿಸೋಣವೆಂದು ಅಂಗಡಿಗೆ ಹೋದರೆ ಗಾಜಿನ ಕಪಾಟಿನಲ್ಲಿ ಇಪ್ಪತ್ತು ಥರದವು ಹೊಳೆಯುತ್ತ ಕೂತಿರುತ್ತವೆ. ಯಾವುದನ್ನು ಕೊಳ್ಳುವುದು? ಶಾಗ್ಯ ಎಂಬ ಊರಿನ ಕೆಂಪನಂಜಪ್ಪನಿಗೂ ಇದೇ ಪ್ರಶ್ನೆ ಬಂದಿತ್ತು. ಅವನು ಉತ್ತರ ಕಂಡುಕೊಂಡ ರೀತಿ ಕೇಳಿದರೆ ನಿಮಗೆ ನಗು ಬರಬಹುದು. ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ.

ಕೆಂಪನಂಜಪ್ಪ ದನ ನೋಡುವುದರಲ್ಲಿ ಎತ್ತಿದ ಕೈ. ಹಲ್ಲು, ಗೊರಸು, ಸುಳಿ, ನಡಿಗೆ ನೋಡಿ ಎತ್ತಿನ ಜಾತಕವನ್ನೇ ಹೇಳುತ್ತಿದ್ದ. ಹನೂರು, ಲೊಕ್ಕನಹಳ್ಳಿಯವರು ಎತ್ತು ಕೊಳ್ಳುವ ಮೊದಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಮಗಳು ಭವ್ಯ ಆ ಕೊಟ್ಟಿಗೆಯಲ್ಲೇ ಬೆಳೆದವಳು. ಕೊಳ್ಳೇಗಾಲದಲ್ಲಿ ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದಳು. ದನದ ಡಾಕ್ಟರಾಗಬೇಕು ಎಂಬುದೊಂದೇ ಅವಳ ಆಸೆ. ಅಪ್ಪನಿಗೂ ಅದೇ ಆಸೆಯಿತ್ತು, ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ.

ಆ ವರ್ಷ ಒಂದು ಟ್ರಸ್ಟಿನವರು ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರವೇಶ ಪರೀಕ್ಷೆಯ ಉಚಿತ ತರಬೇತಿ ಇಟ್ಟರು. ಪಾಠವೆಲ್ಲ ಆ್ಯಪಿನಲ್ಲಿ, ದಿನಾ ಸಂಜೆ ಏಳಕ್ಕೆ. ಬುಧವಾರ ಬುಧವಾರ ಪರೀಕ್ಷೆ. ಸಾಲಾಗಿ ಮೂರು ಪರೀಕ್ಷೆ ತಪ್ಪಿಸಿದರೆ ಆ ಜಾಗ ಕಾಯುತ್ತಿರುವ ಇನ್ನೊಬ್ಬಳಿಗೆ ಹೋಗುತ್ತದೆ. ಭವ್ಯಳಿಗೆ ಜಾಗವೇನೋ ಸಿಕ್ಕಿತು. ಆದರೆ ಮನೆಯ ಒಂದೇ ಟಚ್ ಫೋನು ಅಣ್ಣ ಗುರುಪ್ರಕಾಶನದು. ಟೊಮೆಟೊ ಗಾಡಿ ಓಡಿಸುವ ಅವನು ಊರಿನಲ್ಲಿ ಇರುತ್ತಿದ್ದುದು ಶನಿವಾರ, ಭಾನುವಾರ ಮಾತ್ರ. ಅಪ್ಪನದು ಗುಂಡಿ ಒತ್ತುವ ಫೋನು. ಪಂಚಾಯ್ತಿ ಗ್ರಂಥಾಲಯದಲ್ಲಿದ್ದ ಒಂದು ಟ್ಯಾಬಿಗೆ ಹತ್ತು ಮಕ್ಕಳ ಕೈ, ಅದೂ ಸಂಜೆ ಬಾಗಿಲು ಹಾಕುವವರೆಗೆ.

ಗ್ರಂಥಾಲಯ ನೋಡಿಕೊಳ್ಳುವ ಮಾಲಿನಿ ಯಳಂದೂರಿನವಳು. ಅವಳೇ ಒಂದು ದಿನ ಮನೆಗೆ ಬಂದು ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದಳು.

“ಯಜಮಾನ್ರೇ, ಟ್ಯಾಬು ಎರಡು ಥರದ್ದು ಬರ್ತವೆ. ಒಂದ್ರಲ್ಲಿ ಸಿಮ್ ಹಾಕ್ಬೋದು, ಇನ್ನೊಂದ್ರಲ್ಲಿ ಆಗಲ್ಲ. ನಿಮ್ಮನೇಲಿ ವೈಫೈ ಇಲ್ಲ, ಅದ್ಕೆ ಸಿಮ್ ಹಾಕೋದೇ ಬೇಕು. ರ‍್ಯಾಮ್ ನಾಲ್ಕಾದ್ರೂ ಇರ್ಲಿ, ಸ್ಟೋರೇಜು ಅರವತ್ನಾಲ್ಕು. ತೆರೆ ಚಿಕ್ದಾದ್ರೂ ಚಿಂತೆ ಇಲ್ಲ. ಭವ್ಯನ್ನ ಜೊತೇಲಿ ಕರ್ಕೊಂಡೋಗಿ. ಅಂಗ್ಡೀಲೇ ಸಿಮ್ ಹಾಕಿ, ಅವ್ಳ ಪಾಠ ಓಡ್ತದಾ ನೋಡಿ, ಆಮೇಲೆ ಬಿಲ್ ಇಸ್ಕೊಂಡು ದುಡ್ಡು ಕೊಡಿ.”

“ನಾನು ಕಾಣ್ದೇ ಇರೋ ಯಾಪಾರ್ವಾ ಕಣವ್ವಾ?” ಎಂದು ಕೆಂಪನಂಜಪ್ಪ ನಕ್ಕ.

“ಓದೋಳು ಅವ್ಳು. ಅವ್ಳ್ನೇ ಬುಟ್ಟು ನೀವೊಬ್ರೇ ಓಯ್ತೀರಲ್ಲಾ?” ಎಂದು ಹೆಂಡತಿ ಪುಟ್ಟಮಲ್ಲಮ್ಮ ಒಳಗಿನಿಂದ ಕೇಳಿದಳು.

“ಎತ್ತು ತರಕ್ಕೋಗ್ಬೇಕಾದ್ರೆ ಕಟ್ಟೋ ಗೂಟಾನೂ ಹೊತ್ಕೊಂಡು ಓಗ್ತಾರಾ? ಸುಮ್ಕಿರು.”

ಮಾಲಿನಿ ಹೇಳಿದ್ದನ್ನೆಲ್ಲ ಭವ್ಯ ನೋಟ್‌ಬುಕ್ಕಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಮಡಚಿ, ಅಪ್ಪನ ಅಂಗಿಯ ಜೇಬಿಗೆ ಇಟ್ಟಳು.

ಟ್ಯಾಬಿಗೆ ದುಡ್ಡು ಬೇಕಲ್ಲ, ಭವ್ಯ ಹಾಲು ಕುಡಿಸಿ ಸಾಕಿದ್ದ ಕೆಂದ ಎಂಬ ಹೋರಿಯನ್ನು ಮಾರುವುದೆಂದಾಯಿತು. ಬರಗೂರು ಕಡೆಯ ವ್ಯಾಪಾರಿಯೊಬ್ಬ ಬೆಳಿಗ್ಗೆಯೇ ಬಂದ. ಬಾಯಿ ಬಿಡಿಸಿ ಹಲ್ಲು ಎಣಿಸಿದ. ನಾಲ್ಕು ಗೊರಸನ್ನೂ ಎತ್ತಿ ನೋಡಿದ. ಬೆನ್ನು ಒತ್ತಿದ, ನೀರು ಕುಡಿಸಿ ನೋಡಿದ. ಅಷ್ಟಕ್ಕೂ ಬಿಡದೆ ನೊಗ ಕಟ್ಟಿ, ಕೆರೆ ಏರಿಯ ತನಕ ಗಾಡಿ ಹೊಡೆದುಕೊಂಡು ಹೋಗಿ ಬಂದ. ಮಧ್ಯಾಹ್ನದ ಊಟದ ಹೊತ್ತಾಯಿತು. ಕೆಂಪನಂಜಪ್ಪನಿಗೆ ಬೇಸರವೇ ಆಗಲಿಲ್ಲ, ಅವನ ಮೇಲೆ ಗೌರವ ಬಂತು.

“ನೋಡಪ್ಪಾ, ಚೆಂದಾಗಿ ನೋಡು,” ಎಂದ. “ನೋಡ್ದೇ ತಕಂಡೋನು ಆಮೇಲೆ ಎತ್ತ ಬಯ್ಯಂಗಿಲ್ಲ.”

ಕೆಂದನನ್ನು ಹೊಡೆದುಕೊಂಡು ಹೋಗುವಾಗ ಭವ್ಯ ಹಿತ್ತಲಿನಿಂದ ಈಚೆಗೆ ಬರಲೇ ಇಲ್ಲ.

ಮಾರನೆಯ ದಿನ ಕೆಂಪನಂಜಪ್ಪ ಒಬ್ಬನೇ ಕೊಳ್ಳೇಗಾಲದ ಬಸ್ಸು ಹತ್ತಿದ. ಅಂಗಡಿಯವನು ಮೇಜಿನ ಮೇಲೆ ಎರಡು ಟ್ಯಾಬಿನ ಡಬ್ಬಿ ಇಟ್ಟ. ಒಂದು ಕಪ್ಪು ಬಣ್ಣದ್ದು, ಚಿಕ್ಕದು, ನೋಡಲು ಸಪ್ಪೆ. ಇನ್ನೊಂದು ದೊಡ್ಡದು, ಬಂಗಾರದ ಬಣ್ಣ. ಬೆಲೆ ಹೆಚ್ಚುಕಡಿಮೆ ಒಂದೇ.

“ಚಿಕ್ಕದಕ್ಕೆ ಏನೂ ಫ್ರೀ ಇಲ್ಲ ಸಾ. ಇದಕ್ಕೆ ನೋಡಿ, ಪೆನ್ನು, ಕವರು, ಇಯರ್‌ಫೋನು ಎಲ್ಲಾ ಫ್ರೀ. ಎರಡು ವರ್ಷದ ಪಾಠ ಒಳಗೇ ತುಂಬಿ ಕೊಡ್ತೀವಿ. ಇಂಟರ್‌ನೆಟ್ಟೇ ಬೇಡ!”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಎತ್ತಿನ ವಿಷಯದಲ್ಲಿ ಜನ್ಮದಲ್ಲಿ ಆ ಮಾತು ನಂಬದವನು ಇಲ್ಲಿ ನಂಬಿದ. ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದ. ಒಳ್ಳೆ ತೂಕವಿತ್ತು.

“ಬಿಚ್ಚಿ ತೋರ್ಸಪ್ಪ.”

“ಸೀಲ್ ಒಡೆದ್ರೆ ಹಳೇ ಮಾಲಾಗೋಯ್ತದೆ ಸಾ. ನಿಮ್ಗೆ ಹೊಸದು ಬೇಕೋ ಬೇಡ್ವೋ?”

ಹೊಸದೇ ಬೇಕಾಗಿತ್ತು. ಬಿಲ್ ಬೇಕೆಂದರೆ ಟ್ಯಾಕ್ಸ್ ಸೇರುತ್ತದೆ, ಬೇಡವೆಂದರೆ ಅಷ್ಟು ಉಳಿಯುತ್ತದೆ ಎಂದ ಅಂಗಡಿಯವನು. ಉಳಿಯುವುದನ್ನು ಯಾರು ಬೇಡ ಅನ್ನುತ್ತಾರೆ? ಹೆಸರಿಲ್ಲದ ಚೀಟಿಯೊಂದರಲ್ಲಿ ಬೆಲೆ ಗೀಚಿಸಿಕೊಂಡು ಹೊರಗೆ ಬಂದ. ಅರ್ಧ ದಿನ ನೋಡಿಸಿ ಹೋರಿ ಮಾರಿದ್ದವನು ಹತ್ತೇ ನಿಮಿಷದಲ್ಲಿ ಟ್ಯಾಬ್ ಕೊಂಡಿದ್ದ. ಬಸ್ಸಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ. ಮಿಕ್ಕ ಅಡಿಕೆ ಚೂರುಗಳನ್ನು ಕಟ್ಟಿಕೊಳ್ಳಲು ಜೇಬಿನಲ್ಲಿ ಒಂದು ಕಾಗದ ಕೈಗೆ ಸಿಕ್ಕಿತು. ಅದರಲ್ಲೇ ಕಟ್ಟಿದ.

ಮನೆಯಲ್ಲಿ ಭವ್ಯ ಡಬ್ಬಿ ಬಿಚ್ಚಿದಳು. ಟ್ಯಾಬನ್ನು ನಾಲ್ಕು ಕಡೆ ತಿರುಗಿಸಿ ನೋಡಿದಳು.

“ಅಪ್ಪಾ, ಇದ್ರಲ್ಲಿ ಸಿಮ್ ಹಾಕಕ್ಕೆ ಜಾಗ್ವೇ ಇಲ್ಲ.”

“ಇಂಟರ್‌ನೆಟ್ಟೇ ಬ್ಯಾಡ ಅಂದ ಕಣಮ್ಮಿ, ಒಳಗೇ ಪಾಠ ಅದಂತೆ.”

ಒಳಗೆ ಇಂಗ್ಲಿಷ್ ಶಿಶುಗೀತೆಗಳಿದ್ದವು, ಹತ್ತನೇ ತರಗತಿಯ ಹಳೆಯ ಪಾಠಗಳಿದ್ದವು. ಶನಿವಾರ ಬಂದ ಗುರುಪ್ರಕಾಶ ತನ್ನ ಫೋನಿನಿಂದ ನೆಟ್ ಕೊಟ್ಟು ನೋಡಿದ. ತರಬೇತಿಯ ಆ್ಯಪ್ ಅದರಲ್ಲಿ ಕೂರಲೇ ಇಲ್ಲ. ಟ್ಯಾಬಿನ ಸಾಫ್ಟ್‌ವೇರು ತೀರಾ ಹಳೆಯದು, ಜಾಗವೂ ಸಾಲದು.

“ಅಪ್ಪಾ, ಇದು ಮುದಿ ಎತ್ತು. ಕೊಂಬಿಗೆ ಬಣ್ಣ ಬಳ್ದು ನಿಮ್ಗೆ ಕಟ್ಟವ್ರೆ,” ಎಂದ ಗುರುಪ್ರಕಾಶ.

ಕೆಂಪನಂಜಪ್ಪನ ಮುಖ ಕೆಂಪಾಯಿತು. “ಓಗ್ಲಾ ಲೇ! ಹೊಸ ಎತ್ತು ಪಳಗಕ್ಕೂ ಹದಿನೈದ್ ದಿನ ಬೇಕು. ಸರ‍್ಯಾಯ್ತದೆ.”

ಯಂತ್ರ ಪಳಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಸೋತೆ ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಮೊದಲ ಬುಧವಾರದ ಪರೀಕ್ಷೆ ತಪ್ಪಿತು. ಎರಡನೇ ಬುಧವಾರ ಭವ್ಯ ಎದುರು ಮನೆಯ ನಾಗಯ್ಯನ ಫೋನು ಕೇಳಲು ಹೊರಟಳು. ನಾಗಯ್ಯ ಕೊಡುತ್ತಿದ್ದ, ಅವನಿಗೂ ಓದುವ ಮಗಳಿದ್ದಳು. ಕೆಂಪನಂಜಪ್ಪ ಬಾಗಿಲಲ್ಲೇ ತಡೆದ.

“ಅಷ್ಟು ದೊಡ್ಡ ಟ್ಯಾಬ್ ತಂದು ಮಡ್ಗಿವ್ನಿ. ಊರವ್ರ ಮನೇಲಿ ಫೋನ್ ಬೇಡಿ ನನ್ನ ಮಾನ ಕಳೀಬ್ಯಾಡ.”

ಭವ್ಯ ಚಪ್ಪಲಿ ಬಿಟ್ಟು ಒಳಗೆ ಬಂದಳು. ಎರಡನೆಯದೂ ಹೋಯಿತು.

ಆಗ ಅವನು ಟ್ಯಾಬ್ ಹಿಡಿದುಕೊಂಡು ಕೊಳ್ಳೇಗಾಲಕ್ಕೆ ಓಡಿದ. ಅಂಗಡಿಯವನು ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ. “ಸೀಲ್ ಒಡೆದಿದ್ದೀರಿ. ವಾಪಸ್ ಇಲ್ಲ,” ಎಂದ. ಮಾಲಿನಿಯ ಬಳಿ ಹೋದ. ಅವಳು ಬಯ್ಯಲಿಲ್ಲ.

“ಗ್ರಾಹಕರ ಸಹಾಯವಾಣಿ ಅದೆ ಯಜಮಾನ್ರೇ. ಒಂದು ಒಂಬತ್ತು ಒಂದು ಐದು. ಈಗ್ಲೇ ದೂರು ಕೊಡಣ. ಬಿಲ್ ಎಲ್ಲಿ?”

ಅವನು ಚೀಟಿ ಕೊಟ್ಟ. ಮಾಲಿನಿ ಅದನ್ನು ತಿರುಗಿಸಿ ನೋಡಿದಳು. ಅಂಗಡಿಯ ಹೆಸರಿರಲಿಲ್ಲ, ತಾರೀಕು ಇರಲಿಲ್ಲ, ಸಹಿಯೂ ಇರಲಿಲ್ಲ.

“ಇದನ್ನ ಇಟ್ಕೊಂಡು ಯಾರ ಮೇಲೆ ಅಂತ ದೂರು ಕೊಡದು?” ಎಂದಳು. ನಿಟ್ಟುಸಿರು ಬಿಟ್ಟು, “ಅದು ಇರ್ಲಿ, ಬುಧವಾರ ನನ್ನ ಫೋನೇ ಕೊಡ್ತೀನಿ. ಭವ್ಯನ್ನ ಕಳ್ಸಿ,” ಎಂದಳು.

ಆ ಬುಧವಾರ ಸಂಜೆ ಭವ್ಯ ಮಾಲಿನಿಯ ಫೋನು ಹಿಡಿದು ಕೂತಳು. ಇಷ್ಟು ದಿನ, ಅಣ್ಣ ಊರಿನಲ್ಲಿದ್ದ ಶನಿವಾರ, ಭಾನುವಾರ ಬಿಟ್ಟರೆ ಪಾಠವನ್ನೇ ಕೇಳಿರಲಿಲ್ಲ. ಅದೂ ಹಾಳಾಗಲಿ ಎಂದರೆ, ಆ್ಯಪಿನೊಳಗೆ ಹೋಗಲು ಬೇಕಾದ ಓಟಿಪಿ ಬಂದದ್ದು ಹೆಸರು ಬರೆಸುವಾಗ ಕೊಟ್ಟಿದ್ದ ಅಣ್ಣನ ನಂಬರಿಗೆ. ಅಣ್ಣ ಮೈಸೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದ, ಕರೆ ಎತ್ತಲಿಲ್ಲ. ಅವನು ಗಾಡಿ ನಿಲ್ಲಿಸಿ ಫೋನು ನೋಡುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಎರಡು ದಿನದ ಮೇಲೆ ಸಂದೇಶ ಬಂತು. ಜಾಗ ಬೇರೆ ಹುಡುಗಿಗೆ ಹೋಗಿತ್ತು.

ಆ ವಾರ ಪುಟ್ಟಮಲ್ಲಮ್ಮ ಗಂಡನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಅಡಿಕೆ ಚೂರಿನ ಪೊಟ್ಟಣ ಸಿಕ್ಕಿತು. ಬಿಡಿಸಿದಳು. ಮಗಳ ದಪ್ಪ ಅಕ್ಷರ. “ಸಿಮ್ ಹಾಕುವ ಜಾಗ ಇರಬೇಕು. ತರಬೇತಿಯ ಆ್ಯಪ್ ಅಂಗಡಿಯಲ್ಲೇ ಹಾಕಿಸಿ ನೋಡಬೇಕು. ಬಿಲ್ ಬೇಕೇ ಬೇಕು.” ಅವಳು ಕೂಗಾಡಲಿಲ್ಲ. ಗಂಡ ಉಣ್ಣಲು ಕೂತಾಗ ಕಲೆಯಾದ ಆ ಕಾಗದವನ್ನು ತಟ್ಟೆಯ ಪಕ್ಕಕ್ಕೆ ಇಟ್ಟಳು.

“ಅಡಿಕೆ ಕಟ್ಟಕ್ಕೆ ಬೇರೆ ಕಾಗ್ದ ಸಿಗ್ನಿಲ್ವಾ ನಿಮ್ಗೆ?” ಎಂದಳು, ಅಷ್ಟೇ. ಕೆಂಪನಂಜಪ್ಪ ಮುದ್ದೆ ಮುರಿಯಲಾಗದೆ ಎದ್ದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಭವ್ಯ ತನಗೆ ತಾನೇ ಓದಿ ಪರೀಕ್ಷೆ ಬರೆದಳು. ಸೀಟು ಸಿಗುವಷ್ಟು ಬರಲಿಲ್ಲ. “ಇನ್ನೊಂದ್ ವರ್ಸ ಓದವ್ವ, ಬ್ಯಾರೆ ಟ್ಯಾಬ್ ತರ್ತೀನಿ,” ಎಂದು ಅಪ್ಪ ಅಂಗಲಾಚಿದ.

“ಆ ತರಬೇತಿ ಪಿಯುಸಿ ಓದೋರ‍್ಗೆ ಮಾತ್ರ ಅಪ್ಪಾ. ಇನ್ನೊಂದ್ ವರ್ಸ ನಾನು ಮನೇಲಿ ಕೂತ್ರೆ ನೀವು ಟ್ಯಾಬ್ ತರಲ್ಲ, ಗಂಡು ತರ್ತೀರಿ,” ಎಂದಳು ಭವ್ಯ. ಅವಳು ಕೊಳ್ಳೇಗಾಲದಲ್ಲಿ ಬಿ.ಎ. ಸೇರಿಕೊಂಡಳು. ಕೊಟ್ಟಿಗೆಗೆ ಹೋಗುವುದನ್ನು ನಿಲ್ಲಿಸಿದಳು.

ಮರುವರ್ಷ ನಾಗಯ್ಯ ಬಂದ. ಅವನ ಮಗಳು ಪುಷ್ಪಳಿಗೆ ಅದೇ ತರಬೇತಿಯಲ್ಲಿ ಜಾಗ ಸಿಕ್ಕಿತ್ತು.

“ಅಣ್ಣಾ, ಟ್ಯಾಬ್ ತರ್ಬೇಕು. ಯಾನ ಮಾಡದು ಅಂತ ಗೊತ್ತಾಯ್ತಿಲ್ಲ.”

“ನನ್ನ ಕೇಳ್ಬ್ಯಾಡ ಕಣ್ಲಾ ನಾಗಯ್ಯ. ಭವ್ಯನ್ನ ಕೇಳು. ಪುಷ್ಪನ್ನೂ ಕರ್ಕೊ. ನಾನು ಸುಮ್ಕೆ ಜೊತೇಲಿ ಬತ್ತೀನಿ.”

ನಾಲ್ಕು ಜನವೂ ಯಳಂದೂರಿನ ಒಂದು ಅಂಗಡಿಗೆ ಹೋದರು. ಶಾಗ್ಯದಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿ ಬರುತ್ತದೆಂದು ನೋಡಿ ಭವ್ಯ ಅದೇ ಸಿಮ್ ತಂದಿದ್ದಳು. ಅಲ್ಲಿಯೂ ಒಂದು ಚಿಕ್ಕದು, ಒಂದು ದೊಡ್ಡದು ಮುಂದಿಟ್ಟರು; ನಾಗಯ್ಯನ ಕಣ್ಣು ದೊಡ್ಡದರ ಮೇಲೆ ಬಿತ್ತು.

“ಬೆಲೆ ಒಂದೇ ಅಂತಾರೆ. ದೊಡ್ದೇ ತಕಳನ ಅಲ್ವಾ ಅವ್ವ?”

“ಅದ್ರಲ್ಲಿ ಸಿಮ್ ಹಾಕಕ್ಕಾಗಲ್ಲ ಮಾಮ. ನಮ್ಮನೇಲಿ ಅಂತದ್ದೇ ಒಂದು ಅಟ್ಟದ ಮೇಲದೆ,” ಎಂದಳು ಭವ್ಯ.

ಕೆಂಪನಂಜಪ್ಪ ನೆಲ ನೋಡಿದ. ಭವ್ಯ ಚಿಕ್ಕದನ್ನು ಬಿಚ್ಚಿಸಿದಳು, ಸಿಮ್ ಹಾಕಿಸಿದಳು, ಆ್ಯಪ್ ಇಳಿಸಿದಳು. ಪುಷ್ಪಳ ಕೈಗೆ ಕೊಟ್ಟು, “ಒಂದ್ ಪಾಠ ಪೂರ್ತಿ ಕೇಳು,” ಎಂದಳು. ಅಂಗಡಿಯವನು ಗಡಿಯಾರ ನೋಡಿದ. ಇವರು ಅಲುಗಲಿಲ್ಲ. ರಿಪೇರಿ ಎಲ್ಲಿ ಮಾಡಿಕೊಡುತ್ತಾರೆ ಎಂದು ಕೇಳಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ, ಅಂಗಡಿಯ ಹೆಸರು, ತಾರೀಕು, ಟ್ಯಾಬಿನ ನಂಬರು ಎಲ್ಲ ಇರುವ ಬಿಲ್ ಬರೆಸಿಕೊಂಡ ಮೇಲೆಯೇ ನಾಗಯ್ಯನಿಗೆ ದುಡ್ಡು ಕೊಡಲು ಹೇಳಿದಳು.

ಅಂಗಡಿಯವನು ಸೋತವನಂತೆ ನಕ್ಕು ಕೆಂಪನಂಜಪ್ಪನ ಕಡೆ ತಿರುಗಿದ. “ಭಾರಿ ಚುರುಕು ನಿಮ್ಮ ಮಗಳು. ಏನು ಓದ್ತಾವ್ಳೆ ಯಜಮಾನ್ರೇ?”

ಕೆಂಪನಂಜಪ್ಪ ಬಾಯಿ ತೆರೆದ. ಭವ್ಯ ಬಿಲ್ಲನ್ನು ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

“ದನದ ಡಾಕ್ಟ್ರು ಆಗ್ಬೇಕಾಗಿತ್ತು ಸಾ,” ಎಂದ. “ನಾನು ನೋಡ್ದೇ ತಕಂಡೆ.”

ಓದುಗರೇ, ನೀವು ನೊಗ ಕಟ್ಟಿ ನಡೆಸಿ ನೋಡದೆ ಎತ್ತು ಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ಮಗುವಿನ ಓದಿಗೆ ತರುವುದನ್ನು ಡಬ್ಬಿ ನೋಡಿ ಏಕೆ ಕೊಳ್ಳುತ್ತೀರಿ? ಓದುವ ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಹೆಣ್ಣುಮಗುವಾದರೆ ಖಂಡಿತ ಕರೆದುಕೊಂಡು ಹೋಗಿ. ನಿಮ್ಮೂರಲ್ಲಿ ಸಿಗ್ನಲ್ ಬರುವ ಸಿಮ್ ಹಾಕಿ, ಅವಳ ಪಾಠವನ್ನೇ ಓಡಿಸಿ ನೋಡಿ. ಬಿಚ್ಚಿ ತೋರಿಸುವುದಿಲ್ಲ ಎನ್ನುವ ಅಂಗಡಿಯಿಂದ ಎದ್ದು ಬನ್ನಿ, ಊರಿನಲ್ಲಿ ಅಂಗಡಿ ಅದೊಂದೇ ಅಲ್ಲ. ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೋಸ ಹೋದರೆ ಮಾನ ಹೋಯಿತೆಂದು ಮುಚ್ಚಿಡದೆ ಅವತ್ತೇ ೧೯೧೫ಕ್ಕೆ ಕರೆ ಮಾಡಿ. ಅಷ್ಟು ದಿನ ಮಗು ಎದುರು ಮನೆಯ ಫೋನು ಕೇಳಿ ಓದಲಿ, ಬಾಗಿಲಲ್ಲಿ ಅಡ್ಡ ನಿಲ್ಲಬೇಡಿ. ಟ್ಯಾಬ್ ಕೆಟ್ಟರೆ ಇನ್ನೊಂದು ತರಬಹುದು, ಭವ್ಯಳ ಆ ವರ್ಷವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.