ಇನ್ನಷ್ಟು ಸಣ್ಣಗೆ

“ಬಟನ್ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ,” ಎನ್ನುತ್ತ ಕೊರಗಣ್ಣ ಪ್ರೀತಮನ ಶವವನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ರೇಷ್ಮೆ ಶರ್ಟಿನ ಸಡಿಲವನ್ನೆಲ್ಲ ಬೆನ್ನ ಹಿಂದೆ ಮಡಿಚಿದರು. “ನಮಿತಾ, ಪಿನ್ನು ಉಂಟಾ?”

ನಮಿತಾ ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಮದುವೆಯ ದಿನ ಗಂಡ ತೊಟ್ಟಿದ್ದ ಶರ್ಟು. ಅದನ್ನೇ ಹಾಕಬೇಕೆಂದು ಹಟ ಹಿಡಿದವರು ಅತ್ತೆ ವಸಂತಿ. ಬೆಳಗ್ಗೆಯಷ್ಟೇ ಉಡುಪಿಯಿಂದ ಬಂದಿಳಿದಿದ್ದ ಅವರು, ಆಪರೇಷನ್ ಆದ ಮೇಲೆ ಮಗನನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದರು.

“ಇದು ನನ್ನ ಮಗನಾ?” ವಸಂತಿ ಶರ್ಟಿನ ಮೇಲೆ ಕೈಯಾಡಿಸಿದರು. “ಹೇಗೆ ತುಂಬಿಕೊಂಡಿದ್ದ! ಹೊಟ್ಟೆ ಕೊಯ್ಸಿ ಕೊಂದ್ರಿ.”

ಗೋರೆಗಾಂವ್‌ನ ಆ ಸಣ್ಣ ಮನೆಯಲ್ಲಿ ನೆರೆದವರೆಲ್ಲ ಪ್ರೀತಮನ ಹೋಟೆಲಿನವರು. ಎಲ್ಲರ ಕಣ್ಣೂ ಬಾಗಿಲ ಬಳಿಯ ಕುರ್ಚಿಯತ್ತ ಹೋಯಿತು. ಮೈಯ ಭಾರಕ್ಕೆ ನೆಲದ ಮೇಲೆ ಕೂರಲಾಗದೆ ಅಲ್ಲಿ ಕೂತಿದ್ದವನು ಪ್ರೀತಮನ ತಮ್ಮ ಶೇಖರ. ಬರುವ ಸೋಮವಾರ ಅವನಿಗೂ ಅದೇ ಆಪರೇಷನ್. ಇನ್ಸುಲಿನ್ ಏರಿಸಿ ಏರಿಸಿ ಇನ್ನು ದಾರಿಯಿಲ್ಲವೆಂದು ಡಾಕ್ಟರೇ ಹೇಳಿದ್ದರು. ಓಡಾಡಿ ದಿನ ಗೊತ್ತು ಮಾಡಿಸಿದವನು ಪ್ರೀತಮ್.

ಶವ ಎತ್ತುವ ಮುಂಚೆ ಅತ್ತೆ ಆ ಆಪರೇಷನ್ನನ್ನು ನಿಲ್ಲಿಸುತ್ತಾರೆಂದು ನಮಿತಾಳಿಗೆ ಗೊತ್ತಾಯಿತು. ಅಷ್ಟರೊಳಗೆ ತಾನು ಬಾಯಿ ಬಿಡಬೇಕು.

*

ಮೂರು ವರ್ಷದ ಹಿಂದೆ ಪ್ರೀತಮ್ ಜಠರವನ್ನು ಕಿರಿದು ಮಾಡಿಸಿಕೊಂಡು ಬಂದಿದ್ದ. ಬೊಜ್ಜು ಕರಗಿತು; ಕೆಲವೇ ವಾರಗಳಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳೂ ನಿಂತವು. ಹೋಟೆಲಿನ ಮ್ಯಾನೇಜರ್ ಕೊರಗಣ್ಣ, ಗಲ್ಲಾದಲ್ಲಿ ಕೂತ ಅವನನ್ನು ಗಿರಾಕಿಗಳಿಗೆ ತೋರಿಸಿ, “ಶುಗರ್ ಖತಂ, ಹೊಟ್ಟೆಯೂ ಖತಂ. ಈಗ ನಮ್ಮ ಹೀರೋ!” ಎನ್ನುತ್ತಿದ್ದರು.

ರಕ್ತ ಪರೀಕ್ಷೆ ಮಾತ್ರ ಬಿಡಬೇಡಿ ಎಂದಿದ್ದರು ಆಸ್ಪತ್ರೆಯವರು. ಮೊದಮೊದಲು ಹೋದ. ಆಮೇಲೆ ನಮಿತಾ ನೆನಪಿಸಿದಾಗಲೆಲ್ಲ ಬನಿಯನ್ ಎತ್ತಿ, “ಹೊಟ್ಟೆ ನೋಡು. ಇನ್ನೆಂತ ರಿಪೋರ್ಟು ಬೇಕು ನಿಂಗೆ?” ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಈ ಬೇಸಿಗೆಯಲ್ಲಿ ಅವನು ಇನ್ನಷ್ಟು ಸಣ್ಣಗಾದ. ಹೋಟೆಲಿನವರು ಬೆನ್ನು ತಟ್ಟಿದರು. ಬಾಟಲಿಗಟ್ಟಲೆ ನೀರು ಕುಡಿದ. ಮುಂಬಯಿಯ ಸೆಕೆ ಎಂದುಕೊಂಡರು. ನಮಿತಾ ಅವನ ಪ್ಯಾಂಟುಗಳ ಸೊಂಟ ಬಿಚ್ಚಿ ಮತ್ತೆ ಒಳಕ್ಕೆ ಹಿಡಿದು ಹೊಲಿದಳು. ಹೊಲಿಯುವಾಗ ಅವಳಿಗೆ ಖುಷಿಯೇ ಆಗಿತ್ತು.

ಗಲ್ಲಾದಲ್ಲೇ ಕುಸಿದವನನ್ನು ಪರೇಲಿನ ಆಸ್ಪತ್ರೆಯೊಂದಕ್ಕೆ ಒಯ್ದರು. ಅಲ್ಲಿಯ ಡಾಕ್ಟರು, ಕೊನೆಯ ಸಲ ಶುಗರ್ ನೋಡಿದ್ದು ಯಾವಾಗ ಎಂದು ಕೇಳಿದರು. ಅವಳಿಗೆ ನೆನಪಾಗಲಿಲ್ಲ.

“ಈ ಸಲ ಇವರು ಸಣ್ಣಗಾದದ್ದು ಆಪರೇಷನ್ನಿಂದ ಅಲ್ಲ,” ಎಂದರು ಡಾಕ್ಟರು. “ಕಾಯಿಲೆ ವಾಪಸ್ ಬಂದಿದೆ. ಅದೇ ಮೈಯನ್ನು ತಿಂದದ್ದು.”

*

“ಶೇಖರಾ, ಇಲ್ಲಿ ಬಾ,” ಎಂದರು ವಸಂತಿ. “ಅಣ್ಣನ ಕಾಲು ಮುಟ್ಟಿ ಹೇಳು, ಆ ಆಪರೇಷನ್ ಬೇಡ ಅಂತ.”

“ವಸಂತಕ್ಕ, ಕೆಳಗೆ ಗಾಡಿ ಬಂದಾಗಿದೆ,” ಕೊರಗಣ್ಣ ತಡೆದರು. “ಇದೆಲ್ಲ ನಾಳೆ ಮಾತಾಡ್ಲಿಕ್ಕೆ ಆಗುದಿಲ್ವಾ?”

“ನಾಳೆ ಮುಟ್ಲಿಕ್ಕೆ ಇವನ ಕಾಲು ಎಲ್ಲುಂಟು?”

ನಮಿತಾ ಗೋಡೆ ಹಿಡಿದು ಎದ್ದಳು. “ಅತ್ತೆ, ಆಪರೇಷನ್ನಿಂದ ಅಲ್ಲ. ಶುಗರ್ ವಾಪಸ್ ಬಂದಿತ್ತು. ನಾವು ನೋಡ್ಲಿಲ್ಲ.”

“ವಾಪಸ್ ಬರುದಾದ್ರೆ ಕೊಯ್ಸಿದ್ದು ಎಂತಕ್ಕೆ?”

ಶೇಖರ ತಲೆ ಎತ್ತಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ಜೀವ ಕಾಣಿಸಿತು. “ಹೌದಾ ಅತ್ತಿಗೆ? ಹಾಗಾದ್ರೆ ನಾನು ಮಾಡಿಸ್ಬಹುದಾ? ನಂಗೆ ಹೀಗೆ ಆಗುದಿಲ್ಲ ಅಂತ ನೀವು ಹೇಳ್ತೀರಾ?”

ಎಲ್ಲರೂ ಅವಳತ್ತ ತಿರುಗಿದರು. ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆನ್ನ ಹಿಂದೆ ಪಿನ್ನು ಹಾಕಿಸಿಕೊಂಡು ಗಂಡ ಎದುರಿಗೇ ಮಲಗಿದ್ದ.

“ಪರೀಕ್ಷೆ ತಪ್ಪಿಸದೆ ಹೋದ್ರೆ...” ಎಂದು ತೊಡಗಿದಳು.

“ನೋಡು, ಅವಳಿಗೇ ಧೈರ್ಯ ಇಲ್ಲ,” ಎಂದರು ವಸಂತಿ.

ಶೇಖರ ಕುರ್ಚಿಯ ಕೈಗಳನ್ನೂರಿ ಎದ್ದ. ಇಬ್ಬರು ತೋಳು ಹಿಡಿದುಕೊಂಡ ಮೇಲೆ ಬಾಗಿ ಅಣ್ಣನ ಕಾಲು ಮುಟ್ಟಿದ. “ಮಾಡಿಸುದಿಲ್ಲಮ್ಮ.”

ಆಮೇಲೆ ಎತ್ತಿದರು. ಮೆಟ್ಟಿಲ ತಿರುವಿನಲ್ಲಿ ಯಾರೋ, “ಭಾರವೇ ಇಲ್ಲ ಮಾರಾಯ,” ಎಂದದ್ದು ಮೇಲಿನವರೆಗೂ ಕೇಳಿಸಿತು. ಕಿಚ್ಚು ಕೊಡಬೇಕಾದ ಶೇಖರ ಕ್ರಮದಂತೆ ಬರಿಗಾಲಲ್ಲಿ ಮುಂದೆ ನಡೆದ.

*

ಗಂಡಸರು ಮರಳಿದಾಗ ನಮಿತಾ ನೆಲ ಒರೆಸಿ ಮುಗಿಸಿದ್ದಳು. ಒಬ್ಬೊಬ್ಬರಾಗಿ ಸ್ನಾನ ಮಾಡಿದರು. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಕೊರಗಣ್ಣ ಹೋಟೆಲಿನಿಂದ ಗಂಜಿ ತರಿಸಿದ್ದರು.

ಕೊನೆಗೆ ಸ್ನಾನ ಮುಗಿಸಿ ಬಂದ ಶೇಖರ ಕುರ್ಚಿಯಲ್ಲಿ ಕೂತ. ವಸಂತಿ ಅವನ ತಲೆ ಒರೆಸಿ, ಗಂಜಿ ಬಡಿಸಿದರು. “ಬಿಸಿ ಉಂಟು, ಮೆಲ್ಲ. ಹೊಟ್ಟೆ ತುಂಬ ಉಣ್ಣು. ಇವರ ಮಾತು ಕೇಳಿ ಒಣಗುದು ಬೇಡ ನೀನು.”

“ಇನ್ನು ಸ್ವಲ್ಪ ಹಾಕಮ್ಮ.”

ನಮಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಚ್ಚಲಿನಿಂದ ಕುರ್ಚಿಯವರೆಗೆ ಟೈಲ್ಸಿನ ಮೇಲೆ ಶೇಖರನ ಹೆಜ್ಜೆಗಳು ಮೂಡಿದ್ದವು. ಎಡಗಾಲಿನವು ಬರೀ ನೀರು. ಬಲಗಾಲಿನವು ಕೆಂಪು. ಗಾಜೋ ಮೊಳೆಯೋ, ದಾರಿಯಲ್ಲೆಲ್ಲೋ ಆಳವಾಗಿ ಹೊಕ್ಕಿರಬೇಕು. ನೋವೇ ಗೊತ್ತಾಗದವನಂತೆ ಅವನು ಆ ಕಾಲನ್ನೇ ನೆಲಕ್ಕೆ ಒತ್ತಿ, ಮುಂದಕ್ಕೆ ಬಾಗಿ, ತಾಯಿಯ ಕೈಯಿಂದ ಎರಡನೇ ಬಟ್ಟಲು ತೆಗೆದುಕೊಂಡ.