ಕುಂಬಾರ, ಅಂಬಿಗ, ಕಲ್ಲು ಹೊರುವಾಕೆ

ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮಹಾಂತೇಶನ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅಲ್ಲಿನ ಆರು ಕಂಪ್ಯೂಟರುಗಳೂ ವಿದ್ಯಾರ್ಥಿಗಳ ಪಾಲು. ಒಂಬತ್ತಕ್ಕೆ ಮುಂಚಿನ ಎರಡೂವರೆ ಗಂಟೆ ಮಾತ್ರ ಅವನ ಸ್ವಂತದ್ದು. ಆ ಹೊತ್ತಿನಲ್ಲಿ ಅವನು ಮೂರು ವರ್ಷ ಒಂದೇ ಕೆಲಸ ಮಾಡಿದ: ‘ಕೋಟೆ ಕಾವಲು’ ಆಟವನ್ನು ಇಂಟರ್ನೆಟ್ಟಿಗೆ ಹತ್ತಿಸುವುದು.

ಅವನು ಪಿಯುಸಿ ಓದುವಾಗ ಒಂದು ಮಿಠಾಯಿ ಕಂಪನಿ ಪ್ರತಿ ಪೊಟ್ಟಣದಲ್ಲೂ ಒಂದೊಂದು ಕಾರ್ಡು ಇಟ್ಟು ಮಾರುತ್ತಿತ್ತು. ಕಾರ್ಡಿನ ಮೇಲೆ ಒಂದು ಚಿತ್ರ, ಬಲವೆಷ್ಟೆಂಬ ಅಂಕಿ, ಕೆಳಗೆ ಅದರ ಗುಣ ಹೇಳುವ ಒಂದು ಸಾಲು. ಒಟ್ಟು ನೂರ ಇಪ್ಪತ್ತು ಕಾರ್ಡು. ಇಬ್ಬರು ಎದುರುಬದುರು ಕೂತು, ತಮ್ಮಲ್ಲಿರುವ ಕಾರ್ಡುಗಳಿಂದ ತಮ್ಮ ಕೋಟೆ ಕಾಯುತ್ತ ಇನ್ನೊಬ್ಬರ ಕೋಟೆಯ ಕಲ್ಲುಗಳನ್ನೆಲ್ಲ ಕೆಡವಬೇಕು. ಕಂಪನಿ ನಾಲ್ಕೇ ವರ್ಷಕ್ಕೆ ಬಾಗಿಲು ಹಾಕಿತು. ಗೆಳೆಯರು ಕಾರ್ಡುಗಳನ್ನು ಒಲೆಗೋ ತಿಪ್ಪೆಗೋ ಹಾಕಿದರು. ಮಹಾಂತೇಶ ಮಾತ್ರ ಇಟ್ಟುಕೊಂಡ.

ಸೈಟು ಶುರುವಾದದ್ದು ೨೦೦೪ರ ಜನವರಿಯಲ್ಲಿ. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರುಗಳಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಪ್ರತಿ ಕಾರ್ಡಿನ ಮಾತನ್ನೂ ಚಿತ್ರ ಮಾಡಿ ಹಾಕಿದ್ದ. ಇಬ್ಬರೂ ಒಂದೇ ವೇಳೆಗೆ ಕೂರಬೇಕೆಂದಿರಲಿಲ್ಲ. ಒಬ್ಬರು ತಮ್ಮ ಸರದಿ ಆಡಿಟ್ಟು ಹೋದರೆ ಇನ್ನೊಬ್ಬರು ಬಿಡುವಾದಾಗ ಬಂದು ಉತ್ತರ ಕೊಡಬಹುದಿತ್ತು. ಗೆದ್ದವರಿಗೆ ಒಂದು ಹೊಸ ಕಾರ್ಡು.

ಮೊದಲ ಎರಡು ವಾರ ಅವನೂ ಅವನ ಹೆಂಡತಿ ಅರುಣಾಳೂ ಮಾತ್ರ ಆಡುತ್ತಿದ್ದರು. ಅರುಣಾ ಅದೇ ಕೇಂದ್ರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಳು. ಮೂರನೆಯ ವಾರದ ಒಂದು ಬೆಳಗ್ಗೆ ಮಹಾಂತೇಶ ಸೈಟು ತೆಗೆದಾಗ, ಅವನಿಗೆ ಗೊತ್ತೇ ಇಲ್ಲದ ಇಬ್ಬರು ಆಟದ ನಡುವೆ ಇದ್ದರು. ಒಬ್ಬರು ದಾವಣಗೆರೆಯವರು, ಇನ್ನೊಬ್ಬರು ಎಲ್ಲಿಯವರೋ. ಅವನು ಕುರ್ಚಿಯ ತುದಿಯಲ್ಲಿ ಕೂತು ಸುಮ್ಮನೆ ನೋಡಿದ. ಹನ್ನೆರಡು ವರ್ಷ ರಟ್ಟಿನ ಡಬ್ಬಿಯಲ್ಲಿ ಮಲಗಿದ್ದ ಸಿಪಾಯಿಗಳು ಯಾರದೋ ಮಾತು ಕೇಳಿ ಎದ್ದು ನಡೆಯುತ್ತಿದ್ದರು.

ಜೂನ್ ಹೊತ್ತಿಗೆ ಇನ್ನೂರು ಜನ ಆದರು. ಆಗಲೇ ತಕರಾರೊಂದು ಬಂತು.

ತಕರಾರು ಬರೆದವರು ದಾವಣಗೆರೆಯ ಕಲ್ಲೇಶಪ್ಪ. ಔಷಧಿ ಅಂಗಡಿ ಇಟ್ಟವರು, ಸೈಟಿನ ಅತ್ಯಂತ ಗಟ್ಟಿ ಆಟಗಾರ. ‘ಹೊನ್ನು’ ಎಂಬ ಹೆಸರಿನವರ ಮೇಲೆ ಅವರು ಎಪ್ಪತ್ತೆರಡು ಸರದಿ ದಾಳಿ ಮಾಡಿದ್ದರು. ಸಾಮಾನ್ಯವಾಗಿ ಇಪ್ಪತ್ತು ಸರದಿಗೆ ಆಟ ಮುಗಿಯುತ್ತಿತ್ತು. ಹೊನ್ನು ಅವರ ಕೋಟೆಯಲ್ಲಿ ನಲವತ್ತು ಸರದಿಯ ಹಿಂದೆ ಒಂಬತ್ತು ಕಲ್ಲು ಉಳಿದಿದ್ದವು, ಈಗಲೂ ಒಂಬತ್ತೇ. “ಪ್ರತಿ ಸಲ ಅವೇ ಮೂರು ಕಾರ್ಡು ಹಾಕ್ತಾರೆ. ನಿಮ್ಮ ಪ್ರೋಗ್ರಾಮಿನಲ್ಲಿ ತೂತು ಕೊರೆದಿದಾರೆ, ನೋಡಿ,” ಎಂದು ಅವರು ಬರೆದಿದ್ದರು.

ಮಹಾಂತೇಶ ಹೊನ್ನು ಆಡಿದ ವೇಳೆಗಳನ್ನು ತೆಗೆದು ನೋಡಿದ. ಬೆಳಗ್ಗೆ ಒಂಬತ್ತೂವರೆ, ಮಧ್ಯಾಹ್ನ ಒಂದು, ಸಂಜೆ ಐದು. ಭಾನುವಾರ ಬಿಟ್ಟು ದಿನವೂ ಅದೇ, ಐದು ನಿಮಿಷ ಆಚೀಚೆ. ಮನುಷ್ಯರು ಹೀಗೆ ಆಡುವುದಿಲ್ಲ, ಯಾರೋ ಇನ್ನೊಂದು ಪ್ರೋಗ್ರಾಮ್ ಬರೆದು ತನ್ನ ಆಟದೊಳಗೆ ಬಿಟ್ಟಿದ್ದಾರೆ ಎಂದುಕೊಂಡ. ಸಿಟ್ಟು ಬಂತು. ಹೊನ್ನು ಅವರ ಖಾತೆಗೆ ಬೀಗ ಹಾಕಿದ. ಯಾಕೆಂದು ಒಂದು ಸಾಲೂ ಬರೆಯಲಿಲ್ಲ.

ಹತ್ತು ದಿನದ ಮೇಲೆ, ಶನಿವಾರ ಮಧ್ಯಾಹ್ನ, ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಸೈಟಿನ ಕೆಳಗಡೆ ಅವನು ಕೇಂದ್ರದ ವಿಳಾಸ ಹಾಕಿದ್ದ. ಕಳಿಸಿದವರು ಬಸ್ತಿಹಳ್ಳಿಯ ಹೊನ್ನಯ್ಯ. ಅಕ್ಷರ ದುಂಡಗೆ, ಒಂದೊಂದೂ ಬಿಡಿಸಿ ಕೆತ್ತಿದಂತಿತ್ತು.

“ಮಾನ್ಯರಿಗೆ ನಮಸ್ಕಾರಗಳು. ನಿಮ್ಮ ಆಟದಿಂದ ನನ್ನನ್ನು ಹೊರಗೆ ಹಾಕಿರುವುದಾಗಿ ಮಗಳು ಹೇಳಿದಳು. ನಾನು ಕಟ್ಟಳೆ ಮೀರಿದ್ದರೆ ಎಲ್ಲಿ ಮೀರಿದೆ ಎಂದು ತಿಳಿಸಬೇಕಾಗಿ ಬೇಡುತ್ತೇನೆ. ತಿಳಿದರೆ ಮುಂದೆ ಹಾಗೆ ಆಡುವುದಿಲ್ಲ. ನಾನು ಆಡಿದ ಬಗೆಯನ್ನು ಕೆಳಗೆ ಬರೆದಿದ್ದೇನೆ.”

ಮಹಾಂತೇಶ ಪತ್ರವನ್ನು ಅರುಣಾಳ ಕೈಗೆ ಕೊಟ್ಟ. ಅವಳು ಎರಡು ಸಲ ಓದಿದಳು.

“ಇದು ಪ್ರೋಗ್ರಾಮ್ ಬರೆಯೋರ ಕಾಗದ ಅಲ್ಲ ಕಣ್ರೀ,” ಎಂದಳು. “ಕಾರ್ಡು ತನ್ನಿ. ಅವರು ಬರೆದ ಹಾಗೇ ಹಾಕಿ ನೋಡೋಣ. ನಾನು ಕಲ್ಲೇಶಪ್ಪ ಆಗ್ತೀನಿ.”

ಮೇಜಿನ ಮೇಲೆ ಹಳೆಯ ಕಾರ್ಡುಗಳನ್ನು ಹರಡಿದರು. ಆಟದಲ್ಲಿ ಒಂದು ಸರದಿಗೆ ಮೂರು ಕಾರ್ಡು ಹಾಕಬಹುದು. ಹೊನ್ನಯ್ಯ ಹಾಕಿದ್ದು ಯಾರೂ ಕೇಳದ ಮೂರು ಕಾರ್ಡು. ಅವುಗಳ ಬಲ ಒಂದೊಂದೇ. ಮೊದಲು ಕುಂಬಾರ: ಅವನು ಬಂದರೆ ಸತ್ತ ಒಂದು ಕಾರ್ಡು ಕೈಗೆ ಮರಳುತ್ತದೆ. ಆಮೇಲೆ ಅಂಬಿಗ: ಅವನು ನಮ್ಮದೇ ಒಂದು ಕಾರ್ಡನ್ನು ಕರೆದುಕೊಂಡು ತಾನೂ ಕೈಗೆ ವಾಪಸು ಬರುತ್ತಾನೆ. ಕೊನೆಗೆ ಕಲ್ಲು ಹೊರುವಾಕೆ: ಕೋಟೆ ಬಾಗಿಲಲ್ಲಿ ನಿಲ್ಲುತ್ತಾಳೆ, ಅವಳು ಸತ್ತರೆ ಕೋಟೆಗೆ ಒಂದು ಕಲ್ಲು ಸೇರುತ್ತದೆ.

ಅರುಣಾ ದಾಳಿ ಮಾಡಿದಳು. ಕಲ್ಲು ಹೊರುವಾಕೆ ಸತ್ತಳು, ಕೋಟೆಯ ಒಂದು ಕಲ್ಲು ಉದುರಿತು, ಸತ್ತವಳಿಂದ ಒಂದು ಕಲ್ಲು ಸೇರಿತು. ಮತ್ತೆ ಕುಂಬಾರ ಬಂದು ಅವಳನ್ನು ಎಬ್ಬಿಸಿದ. ಅಂಬಿಗ ಬಂದು ಕುಂಬಾರನನ್ನು ದಾಟಿಸಿಕೊಂಡು ಹೋದ. ಅವಳು ಮತ್ತೆ ಬಾಗಿಲಿಗೆ ಬಂದು ನಿಂತಳು. ಆರನೇ ಸಲಕ್ಕೆ ಅರುಣಾ ಕೈ ತಡೆದಳು.

“ಇದು ಮುಗಿಯಲ್ಲ,” ಎಂದಳು. “ಎಲ್ಲೂ ಮೋಸ ಇಲ್ಲ. ನೀವು ಬರೆದಿರೋದನ್ನೇ ಅವರು ಓದಿದಾರೆ. ಸರಿಯಾಗಿ ಓದಿದಾರೆ, ಅಷ್ಟೇ.”

ಮಹಾಂತೇಶ ಮೂರೂ ಕಾರ್ಡುಗಳನ್ನು ಎತ್ತಿ ಸಾಲಾಗಿ ಇಟ್ಟ. ಅವನ ತೋಳಿನ ರೋಮ ಎದ್ದಿತ್ತು. ಹದಿನೇಳನೇ ವಯಸ್ಸಿನಿಂದ ಆ ಮೂರು ಕಾರ್ಡುಗಳು ಅವನ ಕೈಯಲ್ಲಿದ್ದವು. ಅವುಗಳ ಗುಣವನ್ನು ಒಂದೊಂದು ಅಕ್ಷರ ಬಿಡದೆ ತಾನೇ ಪ್ರೋಗ್ರಾಮಿಗೆ ಇಳಿಸಿದ್ದ. ತಾನು ಕಟ್ಟಿದ ಮನೆಯಲ್ಲಿ ತನಗೆ ಗೊತ್ತಿಲ್ಲದ ಒಂದು ಕೋಣೆ ಇದೆ, ಅದರ ಕದವನ್ನು ಯಾರೋ ತೆಗೆದು ಒಳಗೆ ದೀಪ ಹಚ್ಚಿದ್ದಾರೆ ಅನ್ನಿಸಿತು. ಅಂಥವರಿಗೆ ತಾನು ಬೀಗ ಹಾಕಿದ್ದ.

“ಬರೀ ಬೀಗ ತೆಗೆದರೆ ಸಾಲದು,” ಎಂದ. “ಹೋಗಿ ಬರ್ತೀನಿ.”

ಭಾನುವಾರ ಬೆಳಗಿನ ಬಸ್ಸಿಗೆ ಹೊರಟ. ಜಾವಗಲ್ ದಾಟಿ ಹಳೇಬೀಡಿಗೆ ಇಳಿದಾಗ ಹತ್ತು ಗಂಟೆ. ಬಸ್ತಿಹಳ್ಳಿಗೆ ನಡೆದೇ ಹೋದ. ಬಸದಿಗಳ ದಾರಿಯಲ್ಲಿ ಹೊನ್ನಯ್ಯನವರ ಮನೆ ಕೇಳಿದರೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು “ಕಲ್ಲು ಜೋಡ್ಸೋ ಹೊನ್ನಯ್ಯನಾ?” ಎಂದು ಹೆಂಚಿನ ಮನೆಯೊಂದನ್ನು ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದವಳು ಹೊನ್ನಯ್ಯನವರ ಮಗಳು ರಾಣಿ. ಇಪ್ಪತ್ತೆರಡರ ಆಸುಪಾಸು. ಮಹಾಂತೇಶ ಹೆಸರು ಹೇಳಿದೊಡನೆ ಅವಳ ಮುಖ ಬಿಗಿಯಾಯಿತು.

“ತಪ್ಪು ನನ್ನದೇ ಸರ್,” ಎಂದಳು. “ಬೇಲೂರಿನ ಇಂಟರ್ನೆಟ್ ಅಂಗಡೀಲಿ ನಾನು ಕೆಲಸ ಮಾಡೋದು. ದೇವಸ್ಥಾನ ನೋಡೋಕೆ ಬರೋ ಫಾರಿನರ್ಸು ಮೇಲ್ ನೋಡ್ಕೊಳ್ಳೋಕೆ ಬರ್ತಾರೆ. ಯಾರೂ ಇಲ್ಲದಾಗ ನಿಮ್ಮ ಸೈಟು ನೋಡಿದೆ. ಅಪ್ಪನಿಗೆ ಒಗಟು ಅಂದ್ರೆ ಇಷ್ಟ, ಅದಕ್ಕೇ ಮನೆಗೆ ತಂದೆ.”

“ಮನೆಗೆ ತಂದೆ ಅಂದ್ರೆ?”

“ಅಪ್ಪ ಕಂಪ್ಯೂಟರ್ ನೋಡಿಲ್ಲ ಸರ್.”

ಮಹಾಂತೇಶನಿಗೆ ಮೊದಲು ಅರ್ಥವಾಗಲಿಲ್ಲ. ರಾಣಿ ಒಳಗೆ ಕರೆದು ಚಾಪೆ ಹಾಸಿದಳು. ಹೊನ್ನಯ್ಯ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತ ಬಂದರು. ಐವತ್ತು ದಾಟಿದ ಸಣಕಲು ಆಳು. ಬೆರಳುಗಳು ಮಾತ್ರ ದಪ್ಪ, ಉಗುರಿನಂಚಿನಲ್ಲಿ ಕಲ್ಲಿನ ಹುಡಿ.

“ಬನ್ನಿ ಮೇಷ್ಟ್ರೇ, ಕೂತ್ಕಳಿ,” ಎಂದರು. “ಕಾಗದ ಬರೆದಿದ್ದಕ್ಕೆ ಅಷ್ಟು ದೂರದಿಂದ ಬಂದ್ರಾ?”

“ನೀವು ಹೇಗೆ ಆಡ್ತಿದ್ರಿ, ಅದನ್ನ ನೋಡಬೇಕಿತ್ತು.”

ಹೊನ್ನಯ್ಯ ಗೂಡಿನಿಂದ ಒಂದು ಬಟ್ಟೆಗಂಟು ತೆಗೆದು ಬಿಚ್ಚಿದರು. ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ ಕಾರ್ಡುಗಳು, ನೂರ ಇಪ್ಪತ್ತೂ. ರಾಣಿ ಪ್ರತಿ ಕಾರ್ಡಿನ ಮಾತನ್ನೂ ಅಂಗಡಿಯಲ್ಲಿ ನೋಡಿ ಬರೆದು ತಂದಿದ್ದಳು; ಚಿತ್ರವನ್ನು ಬಾಯಲ್ಲಿ ಹೇಳಿದ್ದಳು. ಹೊನ್ನಯ್ಯ ಬಣ್ಣವಿಲ್ಲದೆ ಪೆನ್ಸಿಲಿನಲ್ಲಿ ತಮ್ಮ ಮನಸ್ಸಿಗೆ ಕಂಡಂತೆ ಬರೆದಿದ್ದರು. ಮಿಠಾಯಿ ಕಂಪನಿಯ ಕುಂಬಾರ ಹಲ್ಲು ಕಿರಿಯುವ ಬೊಂಬೆಯಂತಿದ್ದ. ಈ ಕುಂಬಾರ ತಿಗರಿಯ ಮೇಲೆ ಬಾಗಿದ್ದ, ಅವನ ಬೆನ್ನುಹುರಿಯ ಒಂದೊಂದು ಮಣಿಯೂ ಕಾಣುತ್ತಿತ್ತು.

ರಾಣಿ ಆಟದ ಬಗೆ ಹೇಳಿದಳು. ಸಂಜೆ ಬೇಲೂರಿನಿಂದ ಬರುವಾಗ ಕಲ್ಲೇಶಪ್ಪ ಏನು ಆಡಿದ್ದಾರೆಂದು ಬರೆದು ತರುತ್ತಾಳೆ. ಅಪ್ಪ ಕಾರ್ಡು ಹರಡಿಕೊಂಡು ಕೂತು, ನಾಳೆಯ ಮೂರು ಸರದಿಗೂ ಉತ್ತರ ಬರೆದುಕೊಡುತ್ತಾರೆ. ಅವರು ಹೀಗೆ ಹೊಡೆದರೆ ಇದು, ಹಾಗೆ ಹೊಡೆದರೆ ಅದು. ಅವಳು ಅಂಗಡಿ ತೆಗೆದಾಗ ಒಮ್ಮೆ, ಊಟದ ಹೊತ್ತಿಗೊಮ್ಮೆ, ಬಸ್ಸಿಗೆ ಹೊರಡುವ ಮುಂಚೆ ಒಮ್ಮೆ ಅದನ್ನು ಒತ್ತುತ್ತಾಳೆ.

“ಅಪ್ಪ ಬರೆದುಕೊಟ್ಟಿದ್ದರಲ್ಲಿ ಇಲ್ಲದೇ ಇರೋದನ್ನ ಕಲ್ಲೇಶಪ್ಪನವರು ಆಡಿದ್ದು ಎರಡೇ ಸಲ,” ಎಂದಳು.

ಮಹಾಂತೇಶ ಮದುವೆ ಕಾಗದದ ಕುಂಬಾರನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಹೇಳಿದ: “ಹೊನ್ನಯ್ಯನೋರೇ, ನೀವು ಕಟ್ಟಳೆ ಮೀರಿಲ್ಲ. ನನಗೆ ಗೊತ್ತಾಗಲಿಲ್ಲ. ಒಂದು ಮಾತು ಕೇಳದೆ ಹೊರಗೆ ಹಾಕಿದೆ. ನನ್ನದು ತಪ್ಪಾಯ್ತು.”

“ಬುಡಿ ಮೇಷ್ಟ್ರೇ. ಮೀರಿಲ್ಲ ಅಂದ್ರಲ್ಲ, ಅಷ್ಟು ಸಾಕು. ಅದೊಂದು ಮನಸಿನಾಗೆ ಕೊರೀತಿತ್ತು.”

“ಇದು ಹೊಳೆದದ್ದು ಹೇಗೆ? ನೂರ ಇಪ್ಪತ್ತರಲ್ಲಿ ಈ ಮೂರೇ ಅಂತ?”

ಹೊನ್ನಯ್ಯ ತುಸು ಯೋಚಿಸಿದರು. ಹೇಳಲು ಹೋಗಿ ಬಿಟ್ಟು, ಎದ್ದು ಹೆಗಲಿಗೆ ಟವಲು ಹಾಕಿಕೊಂಡರು. “ಬನ್ನಿ, ತೋರುಸ್ತೀನಿ.”

ಹಳೇಬೀಡಿನ ದೇವಸ್ಥಾನದ ಆವರಣದ ಒಂದು ಬದಿಯಲ್ಲಿ ಒಡೆದ ಶಿಲ್ಪಗಳ ಚೂರುಗಳನ್ನು ಸಾಲುಸಾಲಾಗಿ ಇಟ್ಟಿದ್ದರು. ಕೈಯಿಲ್ಲದ ಮೈ, ಮೈಯಿಲ್ಲದ ಕೈ, ಆನೆಯ ಅರ್ಧ ಸೊಂಡಿಲು, ಯಾರದೋ ಗೆಜ್ಜೆ ಕಟ್ಟಿದ ಪಾದ. ಸಾವಿರಕ್ಕೆ ಕಮ್ಮಿಯಿರಲಿಲ್ಲ, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು. ಹನ್ನೊಂದು ವರ್ಷದಿಂದ ಪುರಾತತ್ವ ಇಲಾಖೆಯಲ್ಲಿ ಹೊನ್ನಯ್ಯನವರ ಕೆಲಸ ಇದೇ, ಯಾವುದಕ್ಕೆ ಯಾವುದು ಸೇರುತ್ತದೆಂದು ಹುಡುಕುವುದು. ಕಾವಲುಗಾರ ಅವರನ್ನು ನೋಡಿ ತಲೆಯಾಡಿಸಿ ಒಳಗೆ ಬಿಟ್ಟ.

“ಯಾವುದಾದ್ರೂ ಒಂದು ಚೂರು ತೋರುಸಿ,” ಎಂದರು.

ಮಹಾಂತೇಶ ಸಾಲುಗಳ ನಡುವೆ ನಡೆದು, ಅಂಗೈಯಗಲದ ಒಂದು ಕಲ್ಲನ್ನು ತೋರಿಸಿದ. ಮೂರು ಬಳೆ ತೊಟ್ಟ ಮಣಿಕಟ್ಟು, ಅಷ್ಟೇ. ಹೊನ್ನಯ್ಯ ಅದನ್ನು ಎತ್ತಿ ಬಳೆಗಳ ಕಡೆ ನೋಡಲಿಲ್ಲ. ತಿರುಗಿಸಿ, ಮುರಿದ ಮೈಯ ಮೇಲೆ ಹೆಬ್ಬೆರಳಾಡಿಸಿದರು.

“ಎಲ್ಲರೂ ಚಿತ್ರ ನೋಡ್ತಾರೆ ಮೇಷ್ಟ್ರೇ. ನಾನು ಮುರಿದಿರೋ ಕಡೆ ನೋಡ್ತೀನಿ. ಎಲ್ಲಿ ಕಡಿಮೆ ಐತೋ ಅಲ್ಲೇ ಇನ್ನೊಂದು ಬಂದು ಕೂರಾದು. ನಿಮ್ಮ ಕಾರ್ಡುನೂ ಅಂಗೇ. ದೊಡ್ಡ ಬಲ ಇರೋವಕ್ಕೆ ಯಾರೂ ಬ್ಯಾಡ. ಆ ಮೂವರಿಗೆ ಒಬ್ಬರಿಗೊಬ್ಬರು ಬೇಕು.”

ಅವರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಆಮೇಲೆ ಸಾಲುಗಳನ್ನು ಎಣಿಸದೆ, ಎಲ್ಲಿಯೂ ನಿಲ್ಲದೆ, ನಲವತ್ತು ಹೆಜ್ಜೆ ನಡೆದು ಹೋಗಿ ಬಗ್ಗಿದರು. ಬರುವಾಗ ಅವರ ಕೈಯಲ್ಲಿ ಗೇಣುದ್ದದ ಕಲ್ಲೊಂದಿತ್ತು. ಮಹಾಂತೇಶನಿಗೆ ಅದು ಬರೀ ಕಲ್ಲಾಗಿಯೇ ಕಂಡಿತು. ಹೊನ್ನಯ್ಯ ಎರಡನ್ನೂ ಹತ್ತಿರ ತಂದು, ಒಂದಿಷ್ಟು ಓರೆ ಮಾಡಿ, ಒತ್ತಿದರು. ಸಣ್ಣದೊಂದು ಸದ್ದಾಯಿತು. ಕಲ್ಲು ಕಲ್ಲಿನೊಳಗೆ ಕೂತ ಸದ್ದು.

“ಮುಟ್ಟಿ,” ಎಂದರು.

ಮಹಾಂತೇಶ ಮುಟ್ಟಿದ. ಅಲ್ಲೊಂದು ಮುಂಗೈ ಇತ್ತು, ಮೊಣಕೈಯಿಂದ ಬಳೆಯವರೆಗೆ. ಬೆರಳು ಎಳೆದರೆ ಎಲ್ಲೂ ತಡೆಯುತ್ತಿರಲಿಲ್ಲ. ನೂರಾರು ವರ್ಷ ಬೇರೆ ಬೇರೆ ಬಿದ್ದಿದ್ದ ಎರಡು ಕಲ್ಲುಗಳ ನಡುವೆ ಈಗ ಕೂದಲೆಳೆಯೂ ತೂರುವಂತಿರಲಿಲ್ಲ. ಬಿಸಿಲಿಗೆ ಕಾದ ಆ ಕಲ್ಲು ಅವನ ಅಂಗೈಗೆ ಯಾರದೋ ಜೀವಂತ ಕೈಯಂತೆ ಬೆಚ್ಚಗೆ ತಾಗಿತು. ಅವನು ಸುತ್ತ ಹರಡಿದ್ದ ಸಾವಿರ ಚೂರುಗಳನ್ನು ನೋಡಿದ, ಪಕ್ಕದಲ್ಲಿ ನಿಂತ ಸಣಕಲು ಮನುಷ್ಯನನ್ನು ನೋಡಿದ. ಅಷ್ಟೂ ಈ ಒಂದು ತಲೆಯೊಳಗೆ ಇದೆಯಲ್ಲ ಎಂದುಕೊಂಡ.

“ಈ ಜೋಡಿ ಗೊತ್ತಿತ್ತಾ ನಿಮಗೆ?” ಎಂದು ಕೇಳಿದ.

“ಇಲ್ಲ,” ಎಂದರು ಹೊನ್ನಯ್ಯ. ಅವರ ಕಣ್ಣೂ ಅರಳಿತ್ತು. “ಇವತ್ತೇ ಸಿಕ್ಕಿದ್ದು. ನಾಳೆ ಸಾಹೇಬ್ರಿಗೆ ತಿಳುಸಬೇಕು.”

ಸೋಮವಾರ ಬೆಳಗ್ಗೆ ಮಹಾಂತೇಶ ಬೀಗ ತೆಗೆದು, ತನ್ನದು ತಪ್ಪಾಯಿತೆಂದು ಸೈಟಿನ ಮೊದಲ ಪುಟದಲ್ಲೇ ಬರೆದ. ಕಲ್ಲೇಶಪ್ಪನವರಿಗೆ ಇಡೀ ವಿಷಯ ತಿಳಿಸಿ, ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಬಹುದು ಎಂದ. ಅವರ ಉತ್ತರ ಎರಡು ದಿನ ಬರಲಿಲ್ಲ. ಮೂರನೆಯ ದಿನ ಅವರು ಎಪ್ಪತ್ತಮೂರನೇ ಸರದಿ ಆಡಿದರು. ದಾಳಿ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಬಾಗಿಲಲ್ಲಿ ನಿಂತವಳನ್ನು ನಿಂತಂತೆಯೇ ಬಿಟ್ಟರು. ಅವಳು ಸಾಯದೆ ಕುಂಬಾರನಿಗೆ ಎಬ್ಬಿಸಲು ಯಾರೂ ಇರಲಿಲ್ಲ, ಕೋಟೆಗೆ ಕಲ್ಲೂ ಸೇರಲಿಲ್ಲ. ಹದಿನಾಲ್ಕು ಸರದಿ ಸುಮ್ಮನಿದ್ದು ಸೈನ್ಯ ಕೂಡಿಸಿಕೊಂಡು, ಒಂದೇ ಏಟಿಗೆ ಒಂಬತ್ತು ಕಲ್ಲನ್ನೂ ಉರುಳಿಸಿದರು.

ಅರುಣಾಳೂ ಮಹಾಂತೇಶನೂ ಅದನ್ನು ಪರದೆಯ ಮೇಲೆ ನೋಡಿದರು. ಮಹಾಂತೇಶ ತಕ್ಷಣ ಬೇಲೂರಿನ ಅಂಗಡಿಗೆ ಫೋನ್ ಮಾಡಿದ.

“ಅಪ್ಪನಿಗೆ ಬೇಜಾರಾಗುತ್ತೇನೋ,” ಎಂದ.

“ಇಲ್ಲ ಸರ್,” ಎಂದಳು ರಾಣಿ. “ಸುಮ್ಮನಿರೋದು ಒಂದೇ ದಾರಿ, ಅದು ಅವರಿಗೆ ಯಾವಾಗ ಹೊಳೆಯುತ್ತೋ ಅಂತ ಅಪ್ಪ ಒಂದೂವರೆ ತಿಂಗಳಿಂದ ಕಾಯ್ತಿದ್ರು.”